ಸೀಸೆಯೊಳಗಿನ ಉಪವಾಸ



ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆದಾಡುವ ಅಭ್ಯಾಸವುಳ್ಳವರಿಗೆ, ನಡುಗಡ್ಡೆಯ ಮರಗಳಿಂದ ಹೆಜ್ಜಾರ್ಲೆಗಳು ಎದ್ದು ನೀರಿಗಿಳಿಯುವ ನೋಟವಾಗಲಿ, ಚಾಮುಂಡಿಬೆಟ್ಟದ ಕಡೆಯಿಂದ ಹರಿದು ಬಂದ ಎಳೆಬಿಸಿಲು ತೆರೆಗಳ ಮೇಲೆ ಚೂರುಚೂರಾಗಿ ಚೆಲ್ಲುವ ನೋಟವಾಗಲಿ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಈ ಕೆರೆ ಕುವೆಂಪು ಅವರ ನಿತ್ಯಸಂಚಾರದಿಂದ ಕನ್ನಡನಾಡಿಗೆಲ್ಲ ಪರಿಚಿತವಾಯಿತು. ಅದರ ಮಗ್ಗುಲಲ್ಲಿಯೇ ತಲೆಯೆತ್ತಿದ, ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ವಿದ್ಯಾರ್ಥಿಗಳಿಗೆ ತೆರೆದ ಪ್ರಯೋಗಶಾಲೆಯೂ ಆಯಿತು. ಆದರೆ ಅದೇ ಏರಿಯಿಂದ ಕೆಳಗಿಳಿದು, ನೀರಿನಂಚಿಗೆ ಬಾಗಿ, ಗಾಜಿನ ಲೋಟವೊಂದರಲ್ಲಿ ಕೆರೆಯ ನೀರನ್ನು ಮೊಗೆದು, ಅದನ್ನು ಸೂರ್ಯನಿಗೆ ಎದುರಾಗಿ ಹಿಡಿದು ಒಂದೆರಡು ನಿಮಿಷ ತಾಳ್ಮೆಯಿಂದ ನೋಡಿದವರು ವಿರಳ. ಹಾಗೆ ನೋಡಿದರೆ, ರವೆಯ ಕಣಕ್ಕಿಂತಲೂ ಚಿಕ್ಕವಾದ ಬಿಳಿಯ ಚುಕ್ಕೆಗಳು ನೀರಿನಲ್ಲಿ ನೆಗೆದು ನಿಂತು, ನಿಂತು ನೆಗೆಯುವುದು ಕಾಣುತ್ತದೆ. ಭೂತಗನ್ನಡಿಯನ್ನು ಅಡ್ಡ ಹಿಡಿದರೆ ಆ ಚುಕ್ಕೆಗೆ ದೇಹ ಬರುತ್ತದೆ: ಹಣೆಯ ನಡುವೆ ಕೆಂಪಾದ ಒಂದೇ ಕಣ್ಣು, ಮುಂದಕ್ಕೆ ಚಾಚಿದ ಮೀಸೆ, ತಾಯಿಜೀವಿಯಾಗಿದ್ದರೆ ಬಾಲದ ಎರಡು ಪಕ್ಕಕ್ಕೂ ಜೋಳಿಗೆ ಕಟ್ಟಿಕೊಂಡಂತೆ ಮೊಟ್ಟೆಯ ಎರಡು ಚೀಲ.

ಇಂದಿನ ನನ್ನ ಮಾತು ಈ ಪ್ರಾಣಿಯ ಕಡಲಿನ ಬಂಧುಗಳನ್ನು ಕುರಿತದ್ದು. ಕಡಲಿಲ್ಲದ ಮೈಸೂರಿನಲ್ಲಿ ಕುಳಿತು ಕಡಲಿನ ಕ್ಷುದ್ರಜೀವಿಗಳ ಊಟ ಉಪವಾಸಗಳನ್ನು ವಿಚಾರಿಸುವುದೇಕೆ ಎಂದು ತಾವು ಕೇಳಬಹುದು. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ನೆಲೆಗೊಂಡಂದಿನಿಂದ, ತಿಂದ ಅನ್ನ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಇಲಿಗಳಿಗೆ ಉಣಿಸಿ, ತೂಗಿ, ಅಳೆದು ನೋಡುವ ವಿದ್ಯೆ ಈ ಊರಿಗೆ ಪರಿಚಿತವಾಗಿದೆ. ಇಲಿಯನ್ನು ಕುರಿತು ಕೇಳುವ ಪ್ರಶ್ನೆಯನ್ನೇ ರವೆಕಾಳಿಗಿಂತ ಚಿಕ್ಕ ಜೀವಿಯನ್ನು ಕುರಿತು ಕೇಳಿದರೆ ಬರುವ ಉತ್ತರ ಎಷ್ಟು ದೂರ ಹೋಗುತ್ತದೆ ಎಂಬುದನ್ನು ತಿಳಿಸಬೇಕೆಂಬುದು ನನ್ನ ಆಶಯ.

ನೀರಿನ ಸೆಳೆತಕ್ಕೆ ಎದುರಾಗಿ ಈಜಲಾರದೆ, ಅದು ಒಯ್ದತ್ತ ತೇಲಿ ಹೋಗುವ ಜೀವಿಗಳಿಗೆಲ್ಲ ಸೇರಿಸಿ, ಜರ್ಮನಿಯ ಕೀಲ್ ನಗರದ ವಿಕ್ಟರ್ ಹೆನ್ಸೆನ್ ಎಂಬ ಪಂಡಿತನು 1887ರಲ್ಲಿ ಪ್ಲಾಂಕ್ಟನ್ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಅಲೆಯುವುದೆಂದು ಅರ್ಥ. ನಾವು ಅದನ್ನು ಪ್ಲವಕ ಎನ್ನುತ್ತೇವೆ. ಪ್ಲವ ಎಂದರೆ ತೇಲುವುದು, ದೋಣಿ, ತೆಪ್ಪ. ನಮ್ಮ ಅರವತ್ತು ಸಂವತ್ಸರಗಳಲ್ಲಿ ಒಂದರ ಹೆಸರೂ ಅದೇ. ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಮೂಲಕ್ಕೆ ಇಷ್ಟು ಹತ್ತಿರವಾದ ಮಾತು ಸಿಕ್ಕಿದ್ದು ನಮ್ಮ ಶಾಸ್ತ್ರಪರಿಭಾಷೆಯ ಭಾಗ್ಯವೆಂದೇ ನಾನು ಭಾವಿಸುತ್ತೇನೆ. ಪ್ಲವಕಗಳಲ್ಲಿ ಬಿಸಿಲನ್ನುಂಡು ಬದುಕುವ ಡಯಾಟಮ್ ಮೊದಲಾದವು ಸಸ್ಯಪ್ಲವಕ. ಅವನ್ನು ತಿಂದು ಬದುಕುವವು ಪ್ರಾಣಿಪ್ಲವಕ. ಸಮುದ್ರದ ಪ್ರಾಣಿಪ್ಲವಕದಲ್ಲಿ ಸಂಖ್ಯೆಯಿಂದಲೂ ಒಟ್ಟು ತೂಕದಿಂದಲೂ ಮೊದಲ ಸ್ಥಾನ ಕಾಪಿಪಾಡ್ ಎಂಬ ಸೀಗಡಿಯ ದೂರದ ನಂಟರಿಗೆ ಸಲ್ಲುತ್ತದೆ. ಹುಟ್ಟಿನಂಥ ಕಾಲುಳ್ಳದ್ದು ಎಂದು ಆ ಹೆಸರಿನ ಅರ್ಥ. ದೋಣಿಯ ಹುಟ್ಟನ್ನು ನೆನೆದು ಹುಟ್ಟುಗಾಲಿ ಎಂದು ಕರೆದರೆ ತಪ್ಪಾಗಲಾರದು.

ಹುಟ್ಟುಗಾಲಿಯು ಕನ್ನಡಿಗರಿಗೆ ತೀರ ಅಪರಿಚಿತವೆಂದು ಹೇಳುವಂತಿಲ್ಲ. ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳ ನೀರು ಕುಡಿದು ನಾರುಹುಣ್ಣಿನಿಂದ ನರಳಿದ ಹಿರಿಯರ ಕಾಲಲ್ಲಿ ಹೊರಟ ದಾರದಂಥ ಹುಳು, ಮೊದಲು ಅವರ ಮೈ ಸೇರಿದ್ದು ಸೈಕ್ಲೋಪ್ಸ್ ಎಂಬ ಈ ಒಕ್ಕಣ್ಣಿನ ಪ್ರಾಣಿಯ ಮೂಲಕ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಆರೋಗ್ಯ ಇಲಾಖೆಯವರು ಮನೆಮನೆಗೆ ಹೇಳುತ್ತ ಬಂದುದರ ಫಲವಾಗಿ ರೋಗ ತೊಲಗಿ, 2000ನೆಯ ಇಸವಿಯಲ್ಲಿ ಭಾರತವು ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಸೆರಗಿನ ಬಟ್ಟೆಯಲ್ಲಿ ಉಳಿದುಹೋದ ಆ ಚುಕ್ಕೆಯನ್ನೇ ನಾವು ಈಗ ಮಾತನಾಡಿಸುತ್ತಿರುವುದು.

ಇನ್ನು ಕಡಲಿಗೆ ಹೋಗೋಣ. ನೈಋತ್ಯ ಮಾರುತವು ಕಬಿನಿ ಕಾವೇರಿಗಳನ್ನು ತುಂಬಿಸುವ ಆ ದಿನಗಳಲ್ಲಿಯೇ, ಮಂಗಳೂರು, ಮಲ್ಪೆ, ಕಾರವಾರಗಳ ಎದುರಿನ ಸಮುದ್ರದಲ್ಲಿ ಮೇಲಿನ ನೀರು ತೀರದಿಂದ ದೂರ ಸರಿದು, ಅದರ ಸ್ಥಳಕ್ಕೆ ತಳದ ತಣ್ಣನೆಯ ನೀರು ಏರಿ ಬರುತ್ತದೆ. ತಳದಲ್ಲಿ ಕೊಳೆತು ಕರಗಿದ ಲವಣಗಳೆಲ್ಲ ಆ ನೀರಿನ ಜೊತೆಗೇ ಬಿಸಿಲಿಗೆ ಬಂದಾಗ, ಹೊಲಕ್ಕೆ ಗೊಬ್ಬರ ಬಿದ್ದಂತೆ, ಡಯಾಟಮ್‌ಗಳು ದಿನಗಳಲ್ಲಿ ದ್ವಿಗುಣ, ಚತುರ್ಗುಣವಾಗಿ ಹಬ್ಬುತ್ತವೆ. ಫ್ರಾಜಿಲೇರಿಯ ಓಷಿಯಾನಿಕ ಎಂಬ ಒಂದು ಡಯಾಟಮ್ಮಿನ ಸಮೃದ್ಧಿ ಕಂಡ ಕಡೆ ಬೂತಾಯಿ ಮೀನಿನ ಸಮೃದ್ಧಿಯೂ ಇರುತ್ತದೆಂದು ಆರ್. ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಅವರು 1955ರಲ್ಲಿಯೇ ತೋರಿಸಿಕೊಟ್ಟರು. ಬಂಗುಡೆಯಾದರೋ ಹುಟ್ಟುಗಾಲಿಗಳನ್ನು ಕಿವಿರಿನ ಜರಡಿಯಲ್ಲಿ ಸೋಸಿ ಉಣ್ಣುತ್ತದೆ. ನೂರು ಜನ ಸೇರಿ ರಂಪಣಿ ಬಲೆಯನ್ನು ದಡಕ್ಕೆಳೆಯುತ್ತಿದ್ದ ಕಾಲದಲ್ಲಿ, ಆ ಬಲೆಯ ಭಾರದ ಹಿಂದೆ ಎಣಿಕೆಗೆ ಸಿಗದಷ್ಟು ಪುಟ್ಟ ಹುಟ್ಟುಗಾಲಿಗಳ ಊಟವಿತ್ತು. ಅವು ಎಷ್ಟು ತಿಂದವು, ತಿಂದುದರಲ್ಲಿ ಎಷ್ಟನ್ನು ಉಸಿರಾಡಿ ಸುಟ್ಟವು, ಎಷ್ಟನ್ನು ಮೈಯಾಗಿಸಿ ಮೊಟ್ಟೆಯಾಗಿಸಿದವು ಎಂಬುದರ ಮೇಲೆ ಮೀನಿನ ಪಾಲು ನಿಂತಿದೆ.

ಈ ಆಯವ್ಯಯದ ಲೆಕ್ಕಕ್ಕೆ ಚಯಾಪಚಯವೆಂದು ಹೆಸರು. ಕೂಡಿಸುವುದು ಚಯ, ಕಳೆಯುವುದು ಅಪಚಯ. ಜಠರಾಗ್ನಿ ಎಂದು ನಮ್ಮ ಹಿರಿಯರು ಕರೆದುದನ್ನು ಅಳೆಯಬೇಕಾದರೆ, ಅಗ್ನಿ ಎಷ್ಟು ಗಾಳಿಯನ್ನು ಎಳೆದುಕೊಂಡಿತೆಂದು ನೋಡಬೇಕು. ಒಲೆಗೂ ಪ್ರಾಣಿಗೂ ಈ ಮಾತು ಸಮಾನ. ಆದರೆ ಒಂದು ಹುಟ್ಟುಗಾಲಿ ಒಂದು ದಿನದಲ್ಲಿ ಸೇವಿಸುವ ಆಮ್ಲಜನಕವನ್ನು ಅಳೆಯುವುದು ಹೇಗೆ? ಅದನ್ನು ನಾನು ಕೈಯಾರೆ ಮಾಡಿ ಕಲಿತವನಾದ್ದರಿಂದ ಸ್ವಲ್ಪ ವಿಸ್ತರಿಸಿ ಹೇಳಲು ಅಪ್ಪಣೆ ಬೇಡುತ್ತೇನೆ.

ಸಣ್ಣ ರಂಧ್ರದ ಜಾಲರಿಯ ಬಲೆಯನ್ನು ದೋಣಿಯ ಹಿಂದೆ ಕಟ್ಟಿ ಮೆಲ್ಲಗೆ ಎಳೆದು, ಬಲೆಯ ತುದಿಯ ಡಬ್ಬಿಯಲ್ಲಿ ನಿಂತ ಗಂಜಿಯಂಥ ದ್ರವವನ್ನು ಬಕೆಟ್ಟಿನ ಸಮುದ್ರಜಲಕ್ಕೆ ಸುರಿದುಕೊಂಡು ದಡಕ್ಕೆ ಬರಬೇಕು. ಬಳಿಕ ಅಗಲ ಬಾಯಿಯ ಗಾಜಿನ ನಳಿಗೆಯಿಂದ ಒಂದೊಂದೇ ಪ್ರಾಣಿಯನ್ನು, ಕಾಲು ಮೀಸೆ ಮುರಿಯದಂತೆ, ಹೀರಿ ಎತ್ತಿ ಆರಿಸಬೇಕು. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಸೋಸಿದ ಸಮುದ್ರಜಲ ತುಂಬಿದ ಎರಡು ಸೀಸೆಗಳಲ್ಲಿ ಒಂದಕ್ಕೆ ಪ್ರಾಣಿಗಳನ್ನು ಬಿಟ್ಟು, ಇನ್ನೊಂದನ್ನು ಬರಿದೆ ಇರಿಸಿ, ಎರಡಕ್ಕೂ ಗುಳ್ಳೆ ನಿಲ್ಲದಂತೆ ಬಿರಡೆ ಹಾಕಿ, ಒಂದೇ ಉಷ್ಣತೆಯ ಕತ್ತಲಲ್ಲಿ ದಿನವೊಂದು ಇಟ್ಟರೆ, ಎರಡು ಸೀಸೆಗಳ ಆಮ್ಲಜನಕದಲ್ಲಿ ಕಾಣುವ ಅಂತರವೇ ಆ ಪ್ರಾಣಿಗಳ ಉಸಿರು. ಆಮ್ಲಜನಕವನ್ನು ಅಳೆಯುವ ವಿಧಾನ ಹಂಗೆರಿಯ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ್ದು. ಪ್ರಾಣಿಗಳನ್ನು ಬೇರ್ಪಡಿಸಿದ ನೀರಿಗೆ ಮ್ಯಾಂಗನೀಸ್ ಲವಣವನ್ನೂ ಕ್ಷಾರ ಬೆರೆತ ಅಯೊಡೈಡನ್ನೂ ಹಾಕಿದೊಡನೆ ಕಂದು ಬಣ್ಣದ ಮೋಡವೊಂದು ಸೀಸೆಯೊಳಗೆ ಏಳುತ್ತದೆ. ಆಮ್ಲಜನಕ ಹೆಚ್ಚಿದ್ದಷ್ಟೂ ಕಂದು ಹೆಚ್ಚು. ಮೋಡ ತಳಕ್ಕೆ ಕುಳಿತ ಮೇಲೆ ಗಂಧಕಾಮ್ಲ ಸೇರಿಸಿದರೆ ಅದು ಕರಗಿ ನೀರೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ಬ್ಯೂರೆಟ್ಟಿನಿಂದ, ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೊ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡುತ್ತ ಹೋದರೆ ಹೊಂಬಣ್ಣ ಒಣಹುಲ್ಲಿನ ಬಣ್ಣವಾಗುತ್ತದೆ. ಪಿಷ್ಟದ ತಿಳಿಯನ್ನು ಎರಡು ತೊಟ್ಟು ಹಾಕಿದರೆ ಥಟ್ಟನೆ ಕಡುನೀಲಿ. ಮತ್ತೆ ಹೈಪೊ, ಮತ್ತೊಂದು ತೊಟ್ಟು, ಕೊನೆಯ ಅರ್ಧ ತೊಟ್ಟಿಗೆ ನೀಲಿಯು ಉಸಿರು ಬಿಟ್ಟಂತೆ ಮಾಯವಾಗಿ ನೀರು ಸ್ಫಟಿಕದಂತೆ ನಿಲ್ಲುತ್ತದೆ. ಎಷ್ಟು ತೊಟ್ಟು ಖರ್ಚಾಯಿತೋ ಅಷ್ಟು ಆಮ್ಲಜನಕ.

ನಾನು ವಿದ್ಯಾರ್ಥಿಯಾಗಿ ಕರಾವಳಿಯ ಒಂದು ಪ್ರಯೋಗಶಾಲೆಯಲ್ಲಿ ಕೆಲವು ವಾರ ಇದ್ದಾಗ, ಹೀಗೆ ಮೂರು ದಿನ ಒಂದೇ ಗುಂಪಿನ ಹುಟ್ಟುಗಾಲಿಗಳನ್ನು ಅಳೆದೆ. ಮೊದಲ ದಿನದ ಉಸಿರಿಗಿಂತ ಎರಡನೆಯ ದಿನದ್ದು ಕಡಿಮೆ. ಮೂರನೆಯ ದಿನ ಅರ್ಧದ ಆಸುಪಾಸಿಗೆ ಇಳಿದಿತ್ತು. ಹೈಪೊ ಕೆಟ್ಟಿರಬೇಕೆಂದು ಹೊಸದಾಗಿ ಮಾಡಿದೆ. ಬಿರಡೆ ಸಡಿಲವೇನೋ ಎಂದು ಸೀಸೆ ಬದಲಾಯಿಸಿದೆ. ಪ್ರಾಣಿಗಳು ಸತ್ತಿರಬಹುದೆಂದು ಒಂದೊಂದಾಗಿ ಎಣಿಸಿದೆ. ಎಲ್ಲವೂ ಬದುಕಿದ್ದವು, ಎಲ್ಲವೂ ಈಜುತ್ತಿದ್ದವು. ರಾತ್ರಿ ಒಂಬತ್ತರ ಹೊತ್ತಿಗೆ ಮೇಷ್ಟರು ಬಂದು ನನ್ನ ಪುಸ್ತಕದ ಅಂಕಿಗಳ ಮೇಲೆ ಬೆರಳಾಡಿಸಿ, “ಇವಕ್ಕೆ ಊಟ ಹಾಕಿದೆಯೇನಪ್ಪ?” ಎಂದು ಕೇಳಿದರು. “ಇಲ್ಲ ಸಾರ್, ನೀರು ಸೋಸಿದ್ದೇನೆ,” ಎಂದೆ. ಅವರು ಏನೂ ಹೇಳದೆ ಹಸಿರು ಪಾಚಿ ಬೆಳೆಸಿದ್ದ ಫ್ಲಾಸ್ಕನ್ನು ಕಪಾಟಿನಿಂದ ಇಳಿಸಿ ನನ್ನ ಮುಂದಿಟ್ಟು ಹೋದರು. ನೀರನ್ನು ಶುದ್ಧ ಮಾಡಿದೆನೆಂದು ನಾನು ತಿಳಿದುಕೊಂಡದ್ದು, ಅವುಗಳ ಪಾಲಿಗೆ ಅನ್ನವನ್ನು ಕಿತ್ತುಕೊಂಡದ್ದಾಗಿತ್ತು. ಆ ಮೂರು ದಿನ ನಾನು ಅಳೆದದ್ದು ಸಮುದ್ರದ ಪ್ರಾಣಿಯ ಉಸಿರನ್ನಲ್ಲ, ಸೆರೆಯಲ್ಲಿ ಹಸಿದ ಪ್ರಾಣಿಯ ಉಸಿರನ್ನು.

ಸ್ಕಾಟ್ಲೆಂಡಿನ ಕ್ಲೈಡ್ ಕೊಲ್ಲಿಯ ದ್ವೀಪವೊಂದರಲ್ಲಿ, ಮಿಲ್ಪೋರ್ಟ್ ಎಂಬ ಪುಟ್ಟ ಊರಿನ ಪ್ರಯೋಗಶಾಲೆಯಲ್ಲಿ, ಶೀನಾ ಮಾರ್ಷಲ್ ಎಂಬ ಮಹಿಳೆಯೂ ಎ. ಪಿ. ಆರ್ ಎಂಬ ರಸಾಯನಶಾಸ್ತ್ರಜ್ಞರೂ ಕೂಡಿ, ಕಲಾನಸ್ ಎಂಬ ಒಂದೇ ಜಾತಿಯ ಹುಟ್ಟುಗಾಲಿಯ ಹಿಂದೆ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದರು. 1955ರಲ್ಲಿ ಅವರು ಹೊರತಂದ ಗ್ರಂಥ ಈ ಕ್ಷೇತ್ರದಲ್ಲಿ ಇಂದಿಗೂ ಗೌರವದ ಸ್ಥಾನದಲ್ಲಿದೆ. ವಿಕಿರಣಶೀಲ ರಂಜಕವನ್ನು ಹೀರಿದ ಡಯಾಟಮ್‌ಗಳನ್ನು ಉಣಿಸಿ, ಆ ರಂಜಕ ಮೈಯಲ್ಲಿ ಎಷ್ಟು, ಮೊಟ್ಟೆಯಲ್ಲಿ ಎಷ್ಟು, ಮಲದಲ್ಲಿ ಎಷ್ಟು ಎಂದು ಅವರು ಹುಡುಕಿದ ರೀತಿ, ದೊಡ್ಡ ಮನೆಯ ಉಗ್ರಾಣದ ಲೆಕ್ಕವನ್ನು ಕಾಳುಕಾಳಾಗಿ ಒಪ್ಪಿಸುವ ಕರಣಿಕನ ರೀತಿ. ಊಟವಿದ್ದಾಗ ಕಲಾನಸ್ ಮೊಟ್ಟೆಯಿಡುತ್ತದೆ, ಊಟ ತಪ್ಪಿದರೆ ಮೊಟ್ಟೆ ನಿಲ್ಲುತ್ತದೆ ಎಂಬುದನ್ನು ಅವರು ನಿಸ್ಸಂಶಯವಾಗಿ ತೋರಿಸಿದರು. ಹಿಡಿದು ತಂದ ಮೊದಲ ಗಂಟೆಗಳಲ್ಲಿ ಪ್ರಾಣಿಯ ಉಸಿರು ಹೆಚ್ಚಾಗಿದ್ದು ತರುವಾಯ ಇಳಿಯುವುದೂ ಅವರ ಕಣ್ಣಿಗೆ ಬಿತ್ತು.

ಆ ಇಳಿತವೇ ಮುಂದಿನವರನ್ನು ಕಾಡಿದ ಸಮಸ್ಯೆ. ಬಲೆಯಲ್ಲಿ ಸಿಕ್ಕು ಬೆದರಿದ ಪ್ರಾಣಿ ಏದುಸಿರು ಬಿಡುವುದು ಸಹಜ; ಬೆದರಿಕೆ ಇಳಿದಂತೆ ಉಸಿರೂ ಇಳಿಯಬಹುದು. ಅಥವಾ ಹೊಟ್ಟೆ ಬರಿದಾದುದರಿಂದ ಇಳಿಯಬಹುದು. ಸೀಸೆಯ ಗೋಡೆಗೆ ಅಂಟಿ ಬೆಳೆದ ಬ್ಯಾಕ್ಟೀರಿಯ ತಾವೂ ಆಮ್ಲಜನಕ ಸೇವಿಸಿ ಲೆಕ್ಕವನ್ನು ಕದಡಬಹುದು. ಇವನ್ನು ಒಂದರಿಂದೊಂದು ಬಿಡಿಸಲು ಇರುವ ಸರಳವಾದ ದಾರಿ, ಒಂದು ಗುಂಪಿಗೆ ಉಣಿಸಿ ಇನ್ನೊಂದನ್ನು ಉಪವಾಸವಿರಿಸಿ ಎರಡನ್ನೂ ದಿನದಿನಕ್ಕೆ ಹೋಲಿಸುವುದು. ಜಪಾನಿನ ಟ್ಸುಟೊಮು ಇಕೆಡ ಅವರು 1970ರ ದಶಕದಲ್ಲಿ ಶೀತಸಮುದ್ರದ ಹಲವು ಜಾತಿಗಳ ಮೇಲೆ ಇದನ್ನೇ ಮಾಡಿದರು. ಇಂಥ ಹೋಲಿಕೆಗಳಿಂದ ಹೊರಬಿದ್ದ ಸಾರಾಂಶವಿಷ್ಟು: ಉಣ್ಣುತ್ತಿರುವ ಸೆರೆಯಾಳು ತನ್ನ ಉಸಿರಿನ ಮಟ್ಟವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ, ಉಪವಾಸದ ಸೆರೆಯಾಳಿನದು ಕುಸಿಯುತ್ತದೆ. ಸೆರೆಗಿಂತ ಹಸಿವೇ ಹೆಚ್ಚಿನ ಕಾರಣ.

ಉಂಡ ಮೇಲೆ ಉಸಿರು ಹೆಚ್ಚುವುದು ಮನುಷ್ಯನಲ್ಲಿಯೂ ಉಂಟೆಂಬುದನ್ನು ಫ್ರಾನ್ಸಿನ ಲಾವ್ವಾಸಿಯೆ ಹದಿನೆಂಟನೆಯ ಶತಮಾನದಲ್ಲಿಯೇ ಅಳೆದು ಹೇಳಿದ್ದನು. ಅಗಿಯುವ ಶ್ರಮಕ್ಕೋ, ಕರುಳಿನ ಕೆಲಸಕ್ಕೋ ಆ ಹೆಚ್ಚಳ ಸಲ್ಲುತ್ತದೆಂದು ಮೇಲ್ನೋಟಕ್ಕೆ ತೋರುತ್ತದೆ. ಡೆನ್ಮಾರ್ಕಿನಲ್ಲಿ ಟಾಮಸ್ ಕಿಯೋರ್ಬೊ ಮತ್ತು ಸಂಗಡಿಗರು 1985ರಲ್ಲಿ ಅಕಾರ್ಷಿಯ ಎಂಬ ತೀರಪ್ರದೇಶದ ಹುಟ್ಟುಗಾಲಿಯ ಮೇಲೆ ನಡೆಸಿದ ಪರೀಕ್ಷೆಗಳಿಂದ ತಿಳಿದುಬಂದದ್ದು ಬೇರೆ. ಹೊಟ್ಟೆತುಂಬ ಉಂಡ ಅಕಾರ್ಷಿಯದ ಉಸಿರು ಉಪವಾಸದ ಅಕಾರ್ಷಿಯದ ಉಸಿರಿನ ಹಲವು ಪಟ್ಟು. ಆ ಹೆಚ್ಚಿನ ಭಾಗವೆಲ್ಲ ಬಹುತೇಕ ಹೊಸ ಮಾಂಸವನ್ನು, ಹೊಸ ಮೊಟ್ಟೆಯನ್ನು ಕಟ್ಟುವ ಕೂಲಿ. ಅಂದಮೇಲೆ ಉಪವಾಸದಲ್ಲಿ ಉಸಿರು ಇಳಿಯುವುದೆಂದರೆ ದೌರ್ಬಲ್ಯವೆಂದೇ ತಿಳಿಯಬೇಕಾಗಿಲ್ಲ. ಮನೆ ಕಟ್ಟುವ ಕೆಲಸ ನಿಂತು, ಕೆಲಸದವರು ಹೊರಟುಹೋಗಿ, ಮನೆಯವರ ಒಲೆಯೊಂದೇ ಉರಿಯುತ್ತಿದೆ ಎಂದರ್ಥ.

ಹಾಗಾದರೆ ಆ ಒಲೆಯಲ್ಲಿ ಉರಿಯುತ್ತಿರುವುದು ಯಾವ ಸೌದೆ? ಈ ಪ್ರಶ್ನೆಗೆ ಉತ್ತರ ಪಡೆಯುವ ಉಪಾಯವೊಂದಿದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದು ಅದು. ಪ್ರಾಣಿ ಸೇವಿಸಿದ ಆಮ್ಲಜನಕದ ಜೊತೆಗೆ ಅದು ನೀರಿಗೆ ಬಿಟ್ಟ ಅಮೋನಿಯವನ್ನೂ ಅಳೆಯಬೇಕು. ಅಮೋನಿಯದಲ್ಲಿ ಸಾರಜನಕವಿದೆ, ಸಾರಜನಕ ಬರುವುದು ಪ್ರೋಟೀನಿನಿಂದ, ಕೊಬ್ಬಿನಲ್ಲಿ, ಸಕ್ಕರೆಯಲ್ಲಿ ಅದಿಲ್ಲ. ಹೊರಬಿದ್ದ ಸಾರಜನಕದ ಒಂದೊಂದು ಪರಮಾಣುವಿಗೆ ಆಮ್ಲಜನಕದ ಎಷ್ಟು ಪರಮಾಣು ಖರ್ಚಾಯಿತೆಂದು ಭಾಗಿಸಿದರೆ, ಉತ್ತರ 7 ಅಥವಾ 8ರ ಸಮೀಪ ಬಂದಾಗ ಉರಿಯುತ್ತಿರುವುದು ಬರಿಯ ಪ್ರೋಟೀನು. 24ರ ಸುಮಾರಿಗೆ ಬಂದಾಗ ಪ್ರೋಟೀನೂ ಕೊಬ್ಬೂ ಸರಿಸಮ. ಅದಕ್ಕೂ ಬಹಳ ಮೇಲೇರಿದರೆ ಕೊಬ್ಬಿನದೇ ಜ್ವಾಲೆ. ಪ್ರಾಣಿಯನ್ನು ಮುಟ್ಟದೆ, ಕೊಯ್ಯದೆ, ಅದು ಬಿಟ್ಟುಹೋದ ನೀರನ್ನು ವಿಚಾರಿಸಿ ಅದರ ಹಸಿವಿನ ಕಥೆಯನ್ನು ಕೇಳಬಹುದು. ಬರಗಾಲದ ಮನೆಯಲ್ಲಿ ಮೊದಲು ಕಣಜದ ರಾಗಿ ಖರ್ಚಾಗುತ್ತದೆ, ಆಮೇಲೆ ಬಿತ್ತನೆಗೆ ಎತ್ತಿಟ್ಟ ಬೀಜ, ಕಡೆಗೆ ಸೂರಿನ ತೊಲೆಯನ್ನೇ ಮಾರಿಕೊಳ್ಳಬೇಕಾಗುತ್ತದೆ. ಎಣ್ಣೆಯುಳ್ಳ ಪ್ರಾಣಿ ಕಣಜದಿಂದ ತೆಗೆದುಕೊಂಡು ಉಣ್ಣುತ್ತದೆ. ಎಣ್ಣೆಯಿಲ್ಲದ್ದು ಮೊದಲ ದಿನದಿಂದಲೇ ತೊಲೆಗೆ ಕೈ ಹಾಕುತ್ತದೆ.

ನಮ್ಮ ಬೆಚ್ಚನೆಯ ಕಡಲಿನ ಮೇಲ್ನೀರಿನಲ್ಲಿ ವಾಸಿಸುವ ಚಿಕ್ಕ ಹುಟ್ಟುಗಾಲಿಗಳಲ್ಲಿ ಬಹುಪಾಲು ಈ ಎರಡನೆಯ ವರ್ಗದವು. ನೀರಿನ ಉಷ್ಣತೆ 28 ಡಿಗ್ರಿ ಸೆಲ್ಷಿಯಸ್ಸಿನ ಸುಮಾರಿಗಿರುವುದರಿಂದ ಜಠರಾಗ್ನಿ ಜೋರು. 10 ಡಿಗ್ರಿ ಏರಿದರೆ ಚಯಾಪಚಯದ ವೇಗ ಎರಡು ಮೂರು ಪಟ್ಟಾಗುವುದು ಸಾಮಾನ್ಯ ನಿಯಮ. ಕೂಡಿಡುವ ಅಭ್ಯಾಸ ಕಡಿಮೆ. ಅಕಾರ್ಷಿಯದ ಜಾತಿಯವು ಊಟವಿಲ್ಲದೆ ಕೆಲವೇ ದಿನ ತಾಳಿಯಾವು. ಉತ್ತರದ ಶೀತಸಮುದ್ರದ ಕಲಾನಸ್ಸಾದರೋ ತಿಂಗಳುಗಳನ್ನು ಕಳೆಯಬಲ್ಲದು. ಅದರ ಪಾರದರ್ಶಕವಾದ ದೇಹದೊಳಗೆ, ಬೆನ್ನುದ್ದಕ್ಕೂ, ಹಣತೆಯಲ್ಲಿ ತುಂಬಿಟ್ಟ ಎಣ್ಣೆಯಂತೆ ಹೊಳೆಯುವ ಮೇಣದ ತೈಲದ ಚೀಲವಿದೆ. ವಸಂತದ ಸುಗ್ಗಿಯಲ್ಲಿ ಅದನ್ನು ತುಂಬಿಕೊಂಡು, ಹರೆಯಕ್ಕೆ ಒಂದು ಮೆಟ್ಟಿಲು ಮುಂಚಿನ ಐದನೆಯ ಅವಸ್ಥೆಯಲ್ಲಿಯೇ ನಿಂತು, ನೂರಾರು ಮೀಟರ್ ಆಳದ ಕತ್ತಲೆಗೆ ಇಳಿದು, ಕರುಳಿನ ಒಳಪದರವನ್ನೇ ಕುಗ್ಗಿಸಿಕೊಂಡು, ಉಸಿರನ್ನು ತಗ್ಗಿಸಿ ಚಳಿಗಾಲವನ್ನು ಕಳೆಯುತ್ತದೆ.

ಇಂಥದೊಂದು ಯೋಗನಿದ್ರೆ ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಉಂಟು. ಅದರ ಒಡೆಯ ಚಳಿಗಾಲವಲ್ಲ, ಮುಂಗಾರು. ಸೊಮಾಲಿಯ ಮತ್ತು ಓಮನ್ನಿನ ಎದುರಿನ ಕಡಲಿನಲ್ಲಿ ಕಲಾನಾಯ್ಡಿಸ್ ಎಂಬ ಹುಟ್ಟುಗಾಲಿ, ಮಳೆಗಾಳಿಯಿಲ್ಲದ ತಿಂಗಳುಗಳನ್ನೆಲ್ಲ ತೈಲದ ಗಂಟನ್ನು ಕಟ್ಟಿಕೊಂಡು ಆಳದಲ್ಲಿ ಕಳೆದು, ನೈಋತ್ಯ ಮಾರುತ ಬೀಸಿ ತಣ್ಣೀರು ಮೇಲೇಳುವಾಗ ತಾನೂ ಎದ್ದು ಬಂದು ಡಯಾಟಮ್ಮಿನ ಸುಗ್ಗಿಯಲ್ಲಿ ಉಂಡು ಸಂತಾನ ಬೆಳೆಸುತ್ತದೆ. ಆಷಾಢದ ಗಾಳಿಯನ್ನು ಕಾಯುವ ಜೀವಿಗಳು ನೆಲದ ಮೇಲೆ ಮಾತ್ರವಲ್ಲ, ಸಮುದ್ರದ ಗರ್ಭದಲ್ಲಿಯೂ ಇವೆ ಎಂಬುದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ.

ಉಪವಾಸದ ಪರಾಕಾಷ್ಠೆಯನ್ನು ನೋಡಬೇಕಾದರೆ ದಕ್ಷಿಣ ಧ್ರುವದ ಕ್ರಿಲ್ ಎಂಬ ಸೀಗಡಿಯಂಥ ಪ್ರಾಣಿಯ ಬಳಿಗೆ ಹೋಗಬೇಕು. ಇಕೆಡ ಅವರೇ, ಡಿಕ್ಸನ್ ಎಂಬುವರ ಜೊತೆಗೂಡಿ, 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದು 200 ದಿನ ಮೀರಿ ಆಹಾರವಿಲ್ಲದೆ ಬದುಕಿತು. ಬದುಕಿದ ಬಗೆ ವಿಚಿತ್ರವಾದದ್ದು: ಪೊರೆ ಬಿಟ್ಟಾಗಲೆಲ್ಲ ಹಿಂದಿನದಕ್ಕಿಂತ ಚಿಕ್ಕದಾದ ಹೊಸ ಪೊರೆಯನ್ನು ತೊಟ್ಟು, ತೊಲೆ ಜಂತಿಗಳನ್ನು ಒಂದೊಂದಾಗಿ ಬಿಚ್ಚಿ ಉರಿಸುತ್ತ, ಮನೆಯನ್ನೇ ಸಣ್ಣದು ಮಾಡಿಕೊಳ್ಳುತ್ತ ಹೋಯಿತು. ಇದರಿಂದ ಬಂದ ಒಂದು ತೊಡಕೆಂದರೆ, ಉದ್ದವನ್ನು ನೋಡಿ ಕ್ರಿಲ್ಲಿನ ವಯಸ್ಸು ಹೇಳುವ ರೂಢಿಯನ್ನು ವಿಜ್ಞಾನಿಗಳು ಸಂಶಯದಿಂದ ನೋಡಬೇಕಾಯಿತು.

ಮನುಷ್ಯನ ಮಾತನ್ನು ಇಲ್ಲಿ ಎತ್ತದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪದು. 1944 ಮತ್ತು 1945ರಲ್ಲಿ, ಯುದ್ಧದಿಂದ ಹಸಿದ ಯೂರೋಪಿಗೆ ಹೇಗೆ ಉಣಿಸಬೇಕೆಂದು ತಿಳಿಯುವ ಸಲುವಾಗಿ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅವರ ಮುಂದಾಳುತನದಲ್ಲಿ 36 ಮಂದಿ ತರುಣರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ವಿಶ್ರಾಂತಿಯ ಚಯಾಪಚಯ ಸುಮಾರು ಶೇಕಡ 40ರಷ್ಟು ಇಳಿಯಿತು. ನಾಡಿ ಮಂದವಾಯಿತು, ಮೈ ತಣ್ಣಗಾಯಿತು, ಬೇಸಿಗೆಯಲ್ಲಿಯೂ ಕಂಬಳಿ ಬೇಕೆನಿಸಿತು. ಅವರಿಗೆ ಉಪವಾಸದ ಕೊನೆಯ ದಿನ ಗೊತ್ತಿತ್ತು. ನಮ್ಮ ಮೈಸೂರು ಸೀಮೆಯ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, 1876ರಿಂದ 1878ರ ವರೆಗೆ, ಹಾದಿಬೀದಿಯಲ್ಲಿ ಬಿದ್ದವರಿಗೆ ಅದು ಗೊತ್ತಿರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ಅಂಕಿಗಳನ್ನು ನೋಡಿದಾಗ, ಮಿನೆಸೋಟದ ತಕ್ಕಡಿಯಲ್ಲಿ ತೂಗಿದ ಮಂದ ನಾಡಿ, ತಣ್ಣಗಾದ ಮೈ ಇವೆಲ್ಲ ಇಲ್ಲಿಯ ಛತ್ರದ ಜಗುಲಿಗಳ ಮೇಲೆಯೂ ಇದ್ದಿರಬೇಕಲ್ಲವೇ ಎಂದು ಹೊಟ್ಟೆ ಸಂಕಟಪಡುತ್ತದೆ. ಊಟ ಕಡಿಮೆಯಾದರೆ ಬೆಂಕಿಯನ್ನು ತಗ್ಗಿಸಿ ಕಾಯುವುದು ಹುಟ್ಟುಗಾಲಿಯಿಂದ ಮನುಷ್ಯನ ವರೆಗೆ ದೇಹಗಳೆಲ್ಲ ಬಲ್ಲ ವಿದ್ಯೆ. ಎಷ್ಟು ಕಾಲ ಕಾಯಬಹುದೆಂಬುದು ಕಣಜದ ಮಾತು.

ಮತ್ತೆ ಸಮುದ್ರದ ಲೆಕ್ಕಕ್ಕೆ ಬರೋಣ. ಕಡಲಿನ ಪ್ರಾಣಿಪ್ಲವಕವೆಲ್ಲ ಸೇರಿ ಎಷ್ಟು ಇಂಗಾಲವನ್ನು ಉಸಿರಾಡಿ ನೀರಿಗೆ ಹಿಂದಿರುಗಿಸುತ್ತದೆ, ಎಷ್ಟನ್ನು ಹಿಕ್ಕೆಯ ರೂಪದಲ್ಲಿ ತಳಕ್ಕೆ ಇಳಿಸುತ್ತದೆ ಎಂಬುದು ಭೂಮಿಯ ಹವೆಗೂ ಸಂಬಂಧಿಸಿದ ಪ್ರಶ್ನೆ. ಅನೇಕ ಜಾತಿಗಳು ರಾತ್ರಿ ಮೇಲೆ ಬಂದು ಉಂಡು, ಹಗಲು ಆಳಕ್ಕಿಳಿದು ಉಸಿರಾಡುತ್ತವೆ. ಮೇಲೆ ತಿಂದದ್ದನ್ನು ಕೆಳಗೆ ಸುಡುತ್ತವೆ. ಈ ಉಸಿರನ್ನು ಸಮುದ್ರದಲ್ಲಿಯೇ ನೇರವಾಗಿ ಅಳೆಯುವುದು ದುಸ್ಸಾಧ್ಯವಾದುದರಿಂದ ಸೀಸೆಯಲ್ಲಿ ಅಳೆದುದನ್ನು ಸಮುದ್ರದ ಸಂಖ್ಯೆಯಿಂದ ಗುಣಿಸುತ್ತಾರೆ. ನಾನು ಹುಡುಗತನದಲ್ಲಿ ಮಾಡಿದ ತಪ್ಪು ಒಂದು ನೋಟ್‌ಪುಸ್ತಕಕ್ಕೆ ಸೀಮಿತವಾಗಿತ್ತು. ಅದೇ ತಪ್ಪನ್ನು ಸಮುದ್ರದಿಂದ ಗುಣಿಸಿದರೆ ಏನಾದೀತೆಂಬುದನ್ನು ಊಹಿಸಬಹುದು. ಹಸಿದವನ ಉಸಿರನ್ನು ಉಂಡವನ ಉಸಿರೆಂದು ಬರೆದರೆ ಸಮುದ್ರದ ಖರ್ಚು ಕಡಿಮೆಯೆಂದು ತೋರುತ್ತದೆ. ಬೆದರಿದವನ ಉಸಿರನ್ನು ಬರೆದರೆ ಹೆಚ್ಚೆಂದು ತೋರುತ್ತದೆ. ಆದಕಾರಣ ಇಂಥ ಅಂಕಿಯೊಂದನ್ನು ಕಂಡಾಗ, ಹಿಡಿದು ಎಷ್ಟು ಹೊತ್ತಾಗಿತ್ತು, ಕೊನೆಯ ಊಟ ಯಾವಾಗ ಆಗಿತ್ತು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಮುಂದೆ ಹೋಗಬಾರದೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದೆ.

ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಂ. ಮಧುಪ್ರತಾಪ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಅರಬ್ಬೀ ಸಮುದ್ರದ ಮೇಲ್ಪದರವನ್ನು ಋತುಋತುವಿಗೂ ಶೋಧಿಸಿದಾಗ, ಸಸ್ಯಪ್ಲವಕವು ಸುಗ್ಗಿಯಲ್ಲಿ ಉಕ್ಕಿ ಬೇಸಗೆಯಲ್ಲಿ ಬತ್ತಿದರೂ ಪ್ರಾಣಿಪ್ಲವಕದ ಒಟ್ಟು ತೂಕ ವರ್ಷವಿಡೀ ಹೆಚ್ಚು ಬದಲಾಗದೆ ಇರುವುದನ್ನು ಕಂಡರು. ಕಣಜ ಬರಿದಾದ ತಿಂಗಳುಗಳಲ್ಲಿ ಈ ಎಣ್ಣೆಯಿಲ್ಲದ ಪ್ರಾಣಿಗಳು ಏನನ್ನು ಉಂಡು ಬದುಕಿದವು? ಡಯಾಟಮ್ ಇಲ್ಲದಾಗ, ನೀರಿನಲ್ಲಿ ಕರಗಿದ ಸಾವಯವ ದ್ರವ್ಯವನ್ನು ಬ್ಯಾಕ್ಟೀರಿಯ ತಿಂದು, ಅವನ್ನು ಏಕಕೋಶಜೀವಿಗಳು ತಿಂದು, ಅವನ್ನು ಹುಟ್ಟುಗಾಲಿಗಳು ತಿನ್ನುವ ಇನ್ನೊಂದು ಪಂಕ್ತಿ ನಡೆಯುತ್ತಿರುತ್ತದೆ ಎಂಬುದು ಅವರು ಕೊಟ್ಟ ಸಮಾಧಾನ. ಸೀಸೆಯಲ್ಲಿ ಒಂದೇ ವಾರದಲ್ಲಿ ಸಾಯುವ ಪ್ರಾಣಿ ಕಡಲಿನಲ್ಲಿ ಬಡತನದ ತಿಂಗಳುಗಳನ್ನು ದಾಟುತ್ತದೆಯಾದರೆ, ಅಲ್ಲಿ ನಮ್ಮ ಬಲೆಗೆ ಬೀಳದಷ್ಟು ಸೂಕ್ಷ್ಮವಾದ ಅನ್ನವಿದೆ ಎಂದೇ ಅರ್ಥ.

ಸೀಗಡಿಯ ಮರಿ ಮಾಡುವ ಹ್ಯಾಚರಿಯವರಿಗೂ ಈ ವಿಚಾರ ಹೊಟ್ಟೆಪಾಡಿನದು. ಅವರು ಮರಿಗಳಿಗೆ ತಿನಿಸುವ ಆರ್ಟೀಮಿಯ, ಒಣಗಿದ ಮೊಟ್ಟೆಯಿಂದ ಒಡೆದು ಬಂದ ಕ್ಷಣದಲ್ಲಿ ಅಂಡದ ಸತ್ತ್ವದಿಂದ ಕೊಬ್ಬಿದ ಕಿತ್ತಳೆಬಣ್ಣದ ಕಣ. ಬೆಚ್ಚನೆಯ ನೀರಿನಲ್ಲಿ ಉಣ್ಣದೆ ಒಂದು ದಿನ ಕಳೆದರೆ ತನ್ನ ಮೈಯ ಸತ್ತ್ವದಲ್ಲಿ ಸುಮಾರು ಕಾಲುಭಾಗವನ್ನು ತಾನೇ ಉರಿಸಿಕೊಂಡು, ಬಣ್ಣಗೆಟ್ಟು, ನೀರಿನಂತಾಗುತ್ತದೆ. ಬೆಳಗ್ಗೆ ಹಾಕಬೇಕಾದುದನ್ನು ಮರುದಿನ ಹಾಕಿದರೆ ಮರಿ ತಿಂದದ್ದು ಅದೇ ಸಂಖ್ಯೆ, ಸಿಕ್ಕಿದ್ದು ಬೇರೆ ಊಟ. ಅನುಭವಿಗಳು ಆರ್ಟೀಮಿಯವನ್ನು ತಣ್ಣೀರಿನಲ್ಲಿ ಇಟ್ಟು ಅದರ ಬೆಂಕಿಯನ್ನು ತಗ್ಗಿಸುತ್ತಾರೆ.

ಈ ಭಾಷಣವನ್ನು ಬರೆಯಲು ಕುಳಿತ ದಿನ ಬೆಳಗ್ಗೆ ಕುಕ್ಕರಹಳ್ಳಿಯಿಂದ ಒಂದು ಲೋಟ ನೀರು ತಂದು ಮೇಜಿನ ಮೇಲೆ ಇರಿಸಿಕೊಂಡಿದ್ದೆ. ಅದರಲ್ಲಿದ್ದ ಉದ್ದಮೀಸೆಯ ಒಂದು ಹುಟ್ಟುಗಾಲಿಯ ಗಾಜಿನಂಥ ಮೈಯೊಳಗೆ, ಉಂಡ ಪಾಚಿಯ ಹಸಿರು ಗೆರೆಯೊಂದು ಕಾಣುತ್ತಿತ್ತು. ಅದನ್ನೊಂದನ್ನೇ ಇನ್ನೊಂದು ಲೋಟದ ಸೋಸಿದ ನೀರಿಗೆ ತೆಗೆದಿರಿಸಿ ಬರೆಯತೊಡಗಿದೆ. ಮೂರು ಪುಟ ಮುಗಿಯುವಷ್ಟರಲ್ಲಿ ಗೆರೆ ತುಂಡಾಗಿತ್ತು. ಮಧ್ಯಾಹ್ನಕ್ಕೆ ಹಸಿರಿನ ಸುಳಿವೇ ಇರಲಿಲ್ಲ, ಪ್ರಾಣಿ ಮಾತ್ರ ಮೊದಲಿನಂತೆಯೇ ನೆಗೆದು ನಿಂತು ಮಾಡುತ್ತಿತ್ತು. ಬರಹವನ್ನು ಅಲ್ಲಿಗೆ ನಿಲ್ಲಿಸಿ, ಕೊಡೆ ಹಿಡಿದು, ಆ ಲೋಟವನ್ನು ಕೈಯಿಂದ ಮುಚ್ಚಿಕೊಂಡು ಬಿಸಿಲಿನಲ್ಲಿಯೇ ಕೆರೆಗೆ ನಡೆದೆ. ಏರಿಯ ಕಲ್ಲುಗಳ ಬಳಿ ನೀರು ಹಸಿರಾಗಿತ್ತು. ಲೋಟವನ್ನು ಅಲ್ಲಿ ಮುಳುಗಿಸಿ ಬಾಗಿಸಿದೆ.